ಪೈಲಟ್ ಕೋರ್ಸಿಗೆ ಫೀಸು ಕಟ್ಟುವ ಮೊದಲು ನಮ್ಮ ಮನೆಯ ಕಥೆ ಓದಿ

ನಮ್ಮದು ಜೇವರ್ಗಿ ತಾಲ್ಲೂಕು, ತೊಗರಿ ಬೆಳೆಯುವ ಮನೆ. 2019ರ ನವೆಂಬರಿನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾದಾಗ ತಮ್ಮ ಒಂಬತ್ತನೇ ಕ್ಲಾಸು. ಶ್ರೀನಿವಾಸ ಸರಡಗಿಯ ಬೇಲಿ ಹೊರಗೆ ನಿಂತು ವಿಮಾನ ಇಳಿಯುವುದನ್ನು ನೋಡಿ ಬಂದವನು, ಅವತ್ತೇ ಪೈಲಟ್ ಆಗುತ್ತೇನೆ ಅಂದ. ಪಿಯುಸಿ ಸೈನ್ಸ್ ಮುಗಿಸಿದ, ಪೈಲಟ್‌ಗೆ ಬೇಕಾದ ಮೆಡಿಕಲ್ ತಪಾಸಣೆಯಲ್ಲಿ ಪಾಸಾದ. ಅಪ್ಪ ನಾಲ್ಕು ಎಕರೆ ಮಾರಿದರು, ಉಳಿದದ್ದನ್ನು ಬ್ಯಾಂಕಿಗೆ ಒತ್ತೆ ಇಟ್ಟರು.

ಹೊರರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿಗೆ ಸೇರಿಸಿದೆವು. ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆಯನ್ನು ಹದಿನಾಲ್ಕು ತಿಂಗಳಲ್ಲಿ ಹಾರಿಸಿ ಲೈಸೆನ್ಸ್ ಕೈಗೆ ಕೊಡುತ್ತೇವೆ ಅಂದರು. ಈಗ ಒಂದೇ ಕಂತಿನಲ್ಲಿ ಕಟ್ಟಿದರೆ ಎರಡು ಲಕ್ಷ ರಿಯಾಯಿತಿ ಅಂತಲೂ ಹೇಳಿದರು. ಕಟ್ಟಿದೆವು. ನಮ್ಮ ದೊಡ್ಡ ತಪ್ಪು ಅದೇ.

ಇಪ್ಪತ್ತೆರಡು ತಿಂಗಳಾದರೂ ಹಾರಿದ ಗಂಟೆ ಬರೆದಿಡುವ ಅವನ ಲಾಗ್‌ಬುಕ್ಕಿನಲ್ಲಿದ್ದದ್ದು 118 ಗಂಟೆ. ಬ್ರೋಷರಿನಲ್ಲಿ ಆರು ವಿಮಾನ, ಹಾರುವ ಸ್ಥಿತಿಯಲ್ಲಿ ಎರಡು, ಸರದಿಯಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗರು. ಒಂದರ ಎಂಜಿನ್ ಓವರ್‌ಹಾಲ್‌ಗೆ ಹೋದದ್ದು ತಿಂಗಳುಗಟ್ಟಲೆ ವಾಪಸ್ ಬರಲಿಲ್ಲ. ಇನ್‌ಸ್ಟ್ರಕ್ಟರ್‌ಗಳು ಬಿಟ್ಟು ಹೋಗುತ್ತಿದ್ದರು. ರನ್‌ವೇಗೆ ದೀಪವೇ ಇಲ್ಲ. ಲೈಸೆನ್ಸಿಗೆ ರಾತ್ರಿ ಹಾರಾಟ 5 ಗಂಟೆ ಬೇಕೇ ಬೇಕು, ಅದರಲ್ಲಿ 10 ಸಲ ಹಾರಿಸಿ ಇಳಿಸಬೇಕು. ಎಲ್ಲಿ ಮಾಡಿಸುತ್ತೀರಿ ಅಂತ ಕೇಳಿದರೆ "ಅರೇಂಜ್ ಮಾಡ್ತೀವಿ" ಅನ್ನುವುದೊಂದೇ ಉತ್ತರ.

ಇಲ್ಲಿ ಒಂದು ಲೆಕ್ಕ ಗೊತ್ತಿರಲಿ, ನಮಗೆ ಗೊತ್ತಿರಲಿಲ್ಲ. 200 ಗಂಟೆಯಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ತಾನೇ ಹೊತ್ತು, ಹಾರಿಸಿರಬೇಕು. ಅದರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗಿನದು ಆಗಿರಬೇಕು. ಸ್ಕೂಲು ತಡ ಮಾಡಿದಷ್ಟೂ ಹುಡುಗ ಮತ್ತೆ ಹಾರಬೇಕು, ಮತ್ತೆ ದುಡ್ಡು ಸುರಿಯಬೇಕು.

ಒಂದು ರಾತ್ರಿ ತಮ್ಮನ ಫೋನ್ ಬಂತು. ದನಿ ಕುಗ್ಗಿತ್ತು. "ಅಣ್ಣಾ, ಉಳದ ಗಂಟಿ ಪೆನ್ನಿಲೆ ಬರದು ಮುಗಿಸೂಣು ಅನ್ಲಿಕತ್ಯಾರ. ಹಾರೂದೇನು ಬ್ಯಾಡಂತ." ಹಾರದ ಗಂಟೆಯನ್ನು ಹಾರಿದ್ದೇನೆ ಅಂತ ಬರೆದು ಸಹಿ ಹಾಕುವುದು. ಈ ಕಸುಬಿನವರು ಅದಕ್ಕೆ ಪಾರ್ಕರ್ ಪೆನ್ನಿನ ಗಂಟೆ ಅನ್ನುತ್ತಾರಂತೆ. ನಿಜ ಹೇಳುತ್ತೇನೆ, ಬ್ಯಾಂಕಿನ ಕಂತು ನೆನಪಾಗಿ ಒಂದು ಕ್ಷಣ ನಾನು ಸುಮ್ಮನಾದೆ. ಬೇಡ ಅಂದವನು ಅವನೇ.

ಯಾಕೆ ಬೇಡ ಅಂತ ಅವನು ವಿವರಿಸಿದ್ದು ನನ್ನ ತಲೆಯಲ್ಲಿ ಕೂತಿದೆ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಒಂದು ಪ್ರಯಾಣಿಕ ವಿಮಾನ ಇಳಿಯುವ ಹೊತ್ತಿಗೆ ವೇಗ ಕಳೆದುಕೊಂಡು ಸ್ಟಾಲ್ ಆಯಿತು. ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಬಲ ತಪ್ಪಿತು. ಆಗ ಹಿಡಿಯನ್ನು ಮುಂದಕ್ಕೆ ತಳ್ಳಿ ಮೂತಿಯನ್ನು ಕೆಳಗೆ ಬಾಗಿಸಬೇಕು. ಕ್ಯಾಪ್ಟನ್ ಮೇಲಕ್ಕೆಳೆದ. ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ಅದಾದ ಮೇಲೆ ಅಮೆರಿಕ ಕಾನೂನು ತಂದು, 2013ರಿಂದ ಏರ್‌ಲೈನಿನ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಬೇಕು ಅಂತ ಮಾಡಿತು. ಆದರೆ ಆ ವಿಮಾನದ ಇಬ್ಬರಿಗೂ ಅದಕ್ಕಿಂತ ಹೆಚ್ಚು ಗಂಟೆ ಇತ್ತು. ಗಂಟೆ ಎಷ್ಟು ಅನ್ನುವಷ್ಟೇ, ಆ ಗಂಟೆಯಲ್ಲಿ ಏನು ಕಲಿತೆ ಅನ್ನುವುದೂ ಮುಖ್ಯ ಅಂತ ತಮ್ಮ ಹೇಳುತ್ತಾನೆ. ನಮ್ಮಲ್ಲಿ 200 ಗಂಟೆಯ ಲೈಸೆನ್ಸ್ ಆದ ಮೇಲೆ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ), ಸಿಮ್ಯುಲೇಟರ್, ತರಬೇತಿ ಕ್ಯಾಪ್ಟನ್ ಪಕ್ಕದಲ್ಲಿ ಹಾರಾಟ, ಎಲ್ಲ ಇದೆ. ಆದರೆ ಸ್ಟಾಲ್ ಆದರೆ ಕೈ ತಾನಾಗಿ ಮುಂದಕ್ಕೆ ಹೋಗಬೇಕು ಅನ್ನುವ ರೂಢಿ ಬೀಳುವುದು ಸ್ಕೂಲಿನ ಈ ಸಣ್ಣ ಸೆಸ್ನಾ ತರಬೇತಿ ವಿಮಾನದಲ್ಲಿ. ಆ ಗಂಟೆಗಳನ್ನೇ ಪೆನ್ನಿನಲ್ಲಿ ಬರೆದುಬಿಟ್ಟರೆ, ನಾಳೆ ಹಿಂದೆ ಕೂತ ನೂರೆಂಬತ್ತು ಜನರ ಗತಿ?

ಸಿಕ್ಕಿಬೀಳುವ ಭಯವೂ ಸಣ್ಣದಲ್ಲ. ಹುಡುಗನ ಲಾಗ್‌ಬುಕ್ಕನ್ನು ವಿಮಾನದ್ದೇ ದಾಖಲೆ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಸುಳ್ಳು ಬಯಲಾಗುತ್ತದೆ. 2011ರಲ್ಲಿ ಖೋಟಾ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಅರೆಸ್ಟ್ ಆಗಿದ್ದು ನಿಮಗೂ ನೆನಪಿರಬಹುದು.

ಹಾಗಾಗಿ, ಕಟ್ಟುವ ಮೊದಲು ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ಎರಡು ದಿನ ಅಲ್ಲೇ ಉಳಿಯಿರಿ. ಬೆಳಿಗ್ಗೆ ಆರಕ್ಕೆ ಹ್ಯಾಂಗರ್ ಮುಂದೆ ನಿಂತು ಎಷ್ಟು ವಿಮಾನ ನಿಜವಾಗಿ ಏಳುತ್ತವೆ ಎಣಿಸಿ. ಆಫೀಸಿನವರನ್ನಲ್ಲ, ಕ್ಯಾಂಟೀನಿನಲ್ಲಿ ಕೂತ ಹುಡುಗರನ್ನು ಕೇಳಿ: ಹೋದ ತಿಂಗಳು ಎಷ್ಟು ಗಂಟೆ ಹಾರಿದಿ? ಹಾರಿದಷ್ಟಕ್ಕೆ ಮಾತ್ರ ಕಂತು ಕಟ್ಟುತ್ತೇವೆ ಅನ್ನಿ, ಒಪ್ಪದಿದ್ದರೆ ಎದ್ದು ಬನ್ನಿ. ಬಿಟ್ಟು ಹೋದರೆ ಉಳಿದ ಹಣ ಎಷ್ಟು ದಿನದಲ್ಲಿ ವಾಪಸ್ ಅನ್ನುವುದು ಒಪ್ಪಂದದ ಕಾಗದದಲ್ಲೇ ಇರಬೇಕು. ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರದ ಸಂಸ್ಥೆ ಡಿಜಿಸಿಎ 2025ರಿಂದ ಸ್ಕೂಲುಗಳ ರ್‍ಯಾಂಕಿಂಗ್ ಕೊಡುತ್ತಿದೆ, ಅದನ್ನೂ ನೋಡಿ. ನಮ್ಮ ಕಾಲಕ್ಕೆ ಅದಿರಲಿಲ್ಲ.

ನಮ್ಮ ಹಣ ಇನ್ನೂ ಬಂದಿಲ್ಲ, ವಕೀಲರ ನೋಟಿಸ್ ಹೋಗಿದೆ. ತಮ್ಮ ಬೇರೆ ಕಡೆ ಸೇರಿದ್ದಾನೆ, ಅಪ್ಪ ಮತ್ತೆ ಸಾಲ ಮಾಡಿದರು. ಹೋದ ವಾರ 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ಹೋಗುವ ದೂರದ ಹಾರಾಟ, ಒಬ್ಬನೇ ಹಾರಿ, ಎರಡು ಬೇರೆ ನಿಲ್ದಾಣದಲ್ಲಿ ಇಳಿಸಿ ಬಂದ. ಲಾಗ್‌ಬುಕ್ಕಿನ ಆ ಪುಟದ ಫೋಟೋ ಕಳಿಸಿದ್ದಾನೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೂ ದಿನಕ್ಕೆರಡು ಸಲ ಅದನ್ನು ತೆಗೆದು ನೋಡುತ್ತಾರೆ. ಆಳಂದ, ಶಹಾಪುರ, ಹುಮನಾಬಾದ್ ಕಡೆಯಿಂದ ಯಾರಾದರೂ ಮಕ್ಕಳನ್ನು ಸೇರಿಸಲು ಹೊರಟಿದ್ದರೆ ನನ್ನನ್ನು ಕೇಳಿ. ನಾವು ಓದದೆ ಸಹಿ ಹಾಕಿದ ಒಪ್ಪಂದವನ್ನು ಸಾಲು ಸಾಲಾಗಿ ತೋರಿಸುತ್ತೇನೆ.