ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ವೈರ್‌ಲೆಸ್ ಪಿಎಚ್‌ಡಿಗೆ ಅರ್ಜಿ ಹಾಕುವವರ ಕಣ್ಣಲ್ಲಿ

ನಮ್ಮ ವೈರ್‌ಲೆಸ್ ನೆಟ್‌ವರ್ಕಿಂಗ್ ಗುಂಪಿಗೆ ಬರುವ ಪಿಎಚ್‌ಡಿ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಓದುವುದು ನಾನು. ಮುಕ್ಕಾಲು ಪಾಲು ಅರ್ಜಿಗಳಲ್ಲಿ ಅದೇ ರಾಗ: 6ಜಿ, ಮಷೀನ್ ಲರ್ನಿಂಗ್, ಸಿಮ್ಯುಲೇಶನ್‌ನಲ್ಲಿ ಇಷ್ಟು ಪರ್ಸೆಂಟ್ ಲಾಭ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಗಾಳಿಯಲ್ಲಿ ಬಂದ ಒಂದು ಸಿಗ್ನಲನ್ನು ತಾವೇ ಹಿಡಿದು, ಬಿಟ್‌ಗಳವರೆಗೆ ಬಿಡಿಸಿ ನೋಡಿದವರು ಕಡಿಮೆ. ಅರ್ಜಿ ಹಾಕುವ ಮೊದಲು ಏನು ಮಾಡಲಿ ಎಂದು ಕೇಳುವವರಿಗೆ ನಾನು ಈ ಡಾಂಗಲ್ ಹೆಸರು ಹೇಳುತ್ತೇನೆ. ಎಸ್‌ಡಿಆರ್ ಅಂದರೆ ಹೆಚ್ಚಿನ ಕೆಲಸ ಸಾಫ್ಟ್‌ವೇರ್‌ನಲ್ಲೇ ನಡೆಯುವ ರೇಡಿಯೋ.

ಇದು ಮೂಲತಃ ಕಂಪ್ಯೂಟರ್‌ನಲ್ಲಿ ಟಿವಿ ನೋಡಲು ಮಾಡಿದ ಯುಎಸ್‌ಬಿ ಕಡ್ಡಿ. ಒಳಗಿರುವ ಆರ್‌ಟಿಎಲ್2832ಯು ಚಿಪ್‌ನಿಂದ ಕಚ್ಚಾ ಸ್ಯಾಂಪಲ್‌ಗಳನ್ನೇ (ಸಿಗ್ನಲ್‌ನ ಕ್ಷಣಕ್ಷಣದ ಅಳತೆಗಳನ್ನೇ) ಹೊರಗೆ ಎಳೆಯಬಹುದು ಎಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ಅಲ್ಲಿಂದ ಇದು ಬಡವರ ರೇಡಿಯೋ ಲ್ಯಾಬ್ ಆಯಿತು. ಆರ್820ಟಿ ಟ್ಯೂನರ್ ಇರುವ ಕಡ್ಡಿ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತದೆ. ಒಮ್ಮೆಗೆ ಕಾಣುವುದು 2.4 ಮೆಗಾಹರ್ಟ್ಸ್ ಅಗಲದ ಕಿಟಕಿ. 3.2 ಅಂತ ಸಾಫ್ಟ್‌ವೇರ್ ಒಪ್ಪಿಕೊಳ್ಳುತ್ತದೆ, ಆದರೆ ಆಗ ಸ್ಯಾಂಪಲ್‌ಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಲಿನಕ್ಸ್‌ನಲ್ಲಿ ಹಾಕಿದ ಕೂಡಲೇ ಕರ್ನಲ್‌ನ ಟಿವಿ ಡ್ರೈವರ್ ಬಂದು ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ಬ್ಲ್ಯಾಕ್‌ಲಿಸ್ಟ್‌ಗೆ (ತಾನಾಗಿ ಲೋಡ್ ಆಗಬಾರದ ಡ್ರೈವರ್‌ಗಳ ಪಟ್ಟಿಗೆ) ಸೇರಿಸದಿದ್ದರೆ ಎಷ್ಟೋ ಸಲ ಮುಂದಕ್ಕೆ ಹೋಗುವುದೇ ಇಲ್ಲ.

ಎಫ್‌ಎಂ ಕೇಳಿ ಖುಷಿಪಡುವುದು ಮೊದಲ ದಿನದ ಕೆಲಸ. ಅಲ್ಲಿಗೇ ನಿಲ್ಲಬೇಡಿ. ನೆಟ್‌ವರ್ಕಿಂಗ್ ಕಡೆ ಬರುವವರಿಗೆ ನಿಜವಾದ ಮಜಾ ಇರುವುದು 1090 ಮೆಗಾಹರ್ಟ್ಸ್‌ನಲ್ಲಿ. ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಎಂದು ಅಲ್ಲಿ ಎಡಿಎಸ್-ಬಿ ಸಂದೇಶ ಕಳಿಸುತ್ತಲೇ ಇರುತ್ತವೆ. ಗೂಢಲಿಪಿ ಇಲ್ಲ. ಸಂದೇಶದ ಮುಂದೆ 8 ಮೈಕ್ರೋಸೆಕೆಂಡಿನ ಪ್ರಿಯಾಂಬಲ್ (ಸಂದೇಶ ಶುರು ಎನ್ನುವ ಗುರುತು), ಹಿಂದೆಯೇ 112 ಬಿಟ್‌ಗಳು, ಒಂದೊಂದಕ್ಕೆ 1 ಮೈಕ್ರೋಸೆಕೆಂಡ್. ಆ ಸಮಯದ ಮೊದಲ ಅರ್ಧದಲ್ಲಿ ಪಲ್ಸ್ ಇದ್ದರೆ 1, ಎರಡನೇ ಅರ್ಧದಲ್ಲಿದ್ದರೆ 0. ಅಷ್ಟೇ. ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್ ತೆಗೆದರೆ ಬಿಟ್‌ಗೆ ಎರಡು ಸ್ಯಾಂಪಲ್ ಸಿಗುತ್ತವೆ, ಯಾವುದು ದೊಡ್ಡದು ಅಂತ ನೋಡಿದರೆ ಆಯಿತು. ಕೊನೆಯ 24 ಬಿಟ್ ಸಿಆರ್‌ಸಿ, ಸಂದೇಶ ಕೆಡದೆ ಬಂದಿದೆಯಾ ಎಂದು ಪರೀಕ್ಷಿಸಲು. ಡಿಕೋಡರ್ ಬರೆಯಲು ಒಂದು ವಾರಾಂತ್ಯ ಸಾಕು. ಆಂಟೆನಾಕ್ಕೆ 6.9 ಸೆಂ.ಮೀ. ಉದ್ದದ ತಂತಿ ತುಂಡು ನಡೆಯುತ್ತದೆ, ಅದು ಆ ತರಂಗದ ಕಾಲು ಭಾಗ.

ಈಗ ಅಸಲು ವಿಷಯ. ಈ ವಿಮಾನಗಳು ಮಾತಾಡುವ ಮೊದಲು ಚಾನೆಲ್ ಖಾಲಿ ಇದೆಯಾ ಎಂದು ಕೇಳಿ ನೋಡುವುದಿಲ್ಲ. ಸ್ಥಾನದ ಸಂದೇಶವನ್ನು ಸುಮಾರು ಅರ್ಧ ಸೆಕೆಂಡಿಗೊಮ್ಮೆ, ಸಮಯವನ್ನು ಬೇಕಂತಲೇ ಸ್ವಲ್ಪ ಹಿಂದೆ ಮುಂದೆ ಮಾಡಿ ಕಳಿಸಿಬಿಡುತ್ತವೆ. ಜೊತೆಗೆ ರೇಡಾರ್‌ಗೆ ಕೊಡುವ ಉತ್ತರಗಳೂ ಅದೇ ಫ್ರೀಕ್ವೆನ್ಸಿಯಲ್ಲಿ. ಅಂದರೆ ಪಠ್ಯಪುಸ್ತಕದಲ್ಲಿ ಓದಿದ ಅಲೋಹಾ (ಚಾನೆಲ್ ನೋಡದೆ ಬೇಕಾದಾಗ ಕಳಿಸಿಬಿಡುವ ಪದ್ಧತಿ) ನಿಮ್ಮ ತಲೆ ಮೇಲೆಯೇ ಓಡುತ್ತಿದೆ! ಪ್ಯೂರ್ ಅಲೋಹಾದ ಗರಿಷ್ಠ ಥ್ರೂಪುಟ್ (ಚಾನೆಲ್ ಸಮಯದಲ್ಲಿ ಡಿಕ್ಕಿಯಿಲ್ಲದೆ ಬಳಕೆಯಾಗುವ ಪಾಲು) 18.4 ಪರ್ಸೆಂಟ್ ಎಂದು ಬಾಯಿಪಾಠ ಹೇಳುವವರು ಬೇಕಾದಷ್ಟು ಜನ. ಎರಡು ಫ್ರೇಮ್‌ಗಳು, ಅಂದರೆ ಸಂದೇಶಗಳು, ಒಂದರ ಮೇಲೊಂದು ಬಿದ್ದಾಗ ಸ್ಯಾಂಪಲ್‌ಗಳಲ್ಲಿ ಅದು ಹೇಗೆ ಕಾಣುತ್ತದೆ ಎಂದು ಕೇಳಿದರೆ ಮೌನ.

ಒಬ್ಬ ಅಭ್ಯರ್ಥಿ ಸಂದರ್ಶನಕ್ಕೆ ನಕ್ಷೆಯ ಮೇಲೆ ವಿಮಾನಗಳು ಓಡುವ ಚಂದದ ಸ್ಕ್ರೀನ್‌ಶಾಟ್ ತಂದಿದ್ದರು. ರೆಡಿ ಸಾಫ್ಟ್‌ವೇರ್ ಹಾಕಿದರೆ ಅದು ಯಾರಿಗಾದರೂ ಬರುತ್ತದೆ ಅಲ್ವಾ? ಇನ್ನೊಬ್ಬರು ತಂದಿದ್ದು ಸಿಆರ್‌ಸಿ ಫೇಲ್ ಆದ ಫ್ರೇಮ್‌ಗಳ ಗ್ರಾಫ್. ನೋಡಲು ಏನೂ ಚೆನ್ನಾಗಿರಲಿಲ್ಲ, ಅಕ್ಷಗಳಿಗೆ ಹೆಸರೂ ಇರಲಿಲ್ಲ. ಆದರೆ ಡಿಕ್ಕಿಯಾದ ಜಾಗದಲ್ಲೂ ಜೋರಾದ ಸಿಗ್ನಲ್‌ನ ಫ್ರೇಮ್ ಬದುಕಿ ಉಳಿಯುವುದನ್ನು ಅವರು ಗಮನಿಸಿದ್ದರು. ಅದಕ್ಕೆ ಕ್ಯಾಪ್ಚರ್ ಎಫೆಕ್ಟ್ ಎಂಬ ಹೆಸರಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕಂಡಿದ್ದೇ ನಮಗೆ ಇಷ್ಟವಾಯಿತು. ಸಂದರ್ಶನದ ಉಳಿದ ಹೊತ್ತೆಲ್ಲಾ ಆ ಗ್ರಾಫ್ ಮೇಲೆಯೇ ಮಾತು.

ಕೊರತೆಗಳೂ ಇವೆ. ಎಲ್ಲಕ್ಕಿಂತ ದೊಡ್ಡದು, ಇದು ಕೇಳುತ್ತದೆ, ಮಾತಾಡುವುದಿಲ್ಲ. ನಿಮ್ಮದೇ ಪ್ರೋಟೋಕಾಲ್ ಬರೆದು ಗಾಳಿಗೆ ಬಿಡಲು ಆಗುವುದಿಲ್ಲ. ವೈಫೈ, ಬ್ಲೂಟೂತ್ ಇರುವ 2.4 ಗಿಗಾಹರ್ಟ್ಸ್‌ಗೆ ಇದು ತಲುಪುವುದೇ ಇಲ್ಲ. ಎಡಿಸಿ (ಸಿಗ್ನಲನ್ನು ಅಂಕಿಗಳಾಗಿಸುವ ಭಾಗ) ಬರೀ 8 ಬಿಟ್, ಅಂದರೆ ಲೆಕ್ಕದ ಪ್ರಕಾರ ಹೆಚ್ಚೆಂದರೆ 50 ಡಿಬಿ ಡೈನಾಮಿಕ್ ರೇಂಜ್ (ಒಟ್ಟಿಗೆ ಹಿಡಿಯಬಲ್ಲ ಜೋರು ಮತ್ತು ಮೆಲು ಸಿಗ್ನಲ್‌ಗಳ ಅಂತರ). ಪಕ್ಕದಲ್ಲಿ ಜೋರಾದ ಎಫ್‌ಎಂ ಸ್ಟೇಷನ್ ಇದ್ದು ನೀವು ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ ಏರಿಸಿದರೆ ಇಲ್ಲದ ಕಡೆಯೆಲ್ಲಾ ಅದರ ದೆವ್ವಗಳು ಕಾಣಿಸಿಕೊಳ್ಳುತ್ತವೆ. ಗೇನ್ ಇಳಿಸಿ ನೋಡಿ, ದೆವ್ವ ಹೋಗುತ್ತದೆ.

ಅಗ್ಗದ ಕಡ್ಡಿಗಳಲ್ಲಿ ಫ್ರೀಕ್ವೆನ್ಸಿಗೆ ಆಧಾರವಾದ ಕ್ರಿಸ್ಟಲ್ ಸರಿಯಿರುವುದಿಲ್ಲ. 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದ್ದರೆ 1090 ಮೆಗಾಹರ್ಟ್ಸ್‌ನಲ್ಲಿ 54.5 ಕಿಲೋಹರ್ಟ್ಸ್ ಆಚೀಚೆ. ಬಿಸಿಯಾದಂತೆ ಅದೂ ಜಾರುತ್ತದೆ. ಎಡಿಎಸ್-ಬಿಗೆ ಇದರಿಂದ ತೊಂದರೆ ಇಲ್ಲ. ಆದರೆ ಎಲ್‌ಟಿಇ (4ಜಿ) ಬೇಸ್ ಸ್ಟೇಷನ್ ಹುಡುಕಲು ಹೊರಟರೆ ಇದೇ ತಲೆನೋವು. ಹೌದು, ಅದೂ ಸಾಧ್ಯ. ಚಾನೆಲ್ 20 ಮೆಗಾಹರ್ಟ್ಸ್ ಅಗಲ ಇದ್ದರೂ ಸಿಂಕ್ ಸಿಗ್ನಲ್‌ಗಳು (ಫೋನ್ ಬೇಸ್ ಸ್ಟೇಷನ್‌ಗೆ ಹೊಂದಿಕೊಳ್ಳಲು ಬಳಸುವವು) ನಟ್ಟನಡುವಿನ ಒಂದು ಮೆಗಾಹರ್ಟ್ಸ್ ಒಳಗೇ ಇರುತ್ತವೆ, ಈ ಸಣ್ಣ ಕಿಟಕಿಯಲ್ಲಿ ಹಿಡಿಸುತ್ತವೆ. ಫ್ರೀಕ್ವೆನ್ಸಿ ತಪ್ಪನ್ನು ಅಳೆದು ಸರಿಪಡಿಸುವ ಕೋಡ್ ಒಮ್ಮೆ ಬರೆದವರಿಗೆ ಆ ಪಾಠವನ್ನು ಮತ್ತೆ ಯಾರೂ ಹೇಳಿಕೊಡಬೇಕಿಲ್ಲ.

ಸ್ಟೋಕಾಸ್ಟಿಕ್ ಜ್ಯಾಮಿತಿ, ಕ್ಯೂಯಿಂಗ್ ಥಿಯರಿಯಂಥ ಗಣಿತದ ಕಡೆ ಹೋಗುವವರಿಗೆ ಇದು ಬೇಕಿಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಎನ್‌ಎಸ್-3 ಎಂಬ ನೆಟ್‌ವರ್ಕ್ ಸಿಮ್ಯುಲೇಟರ್ ಕಲಿಯುವುದು ಇದರಿಂದ ತಪ್ಪುವುದೂ ಇಲ್ಲ. ಸಿಗ್ನಲ್ ಕಳಿಸಲೂ ಬೇಕು ಅನ್ನುವವರು ಪ್ಲೂಟೋ ಅಥವಾ ಹ್ಯಾಕ್‌ಆರ್‌ಎಫ್ ನೋಡಲಿ. ಆದರೆ ಅವು ಜಾಸ್ತಿ ದುಬಾರಿ, ಕಳಿಸುವುದಕ್ಕೆ ಲೈಸೆನ್ಸ್ ವಿಚಾರವೂ ಬರುತ್ತದೆ.

ನನ್ನ ಅಂಕ 5ಕ್ಕೆ 4. ಕೊಳ್ಳುವಾಗ ಟಿಸಿಎಕ್ಸ್‌ಒ (ಬಿಸಿಯಾದರೂ ಅಷ್ಟಾಗಿ ಜಾರದ) ಕ್ರಿಸ್ಟಲ್, ಲೋಹದ ಕವಚ, ಆಂಟೆನಾಕ್ಕೆ ಎಸ್‌ಎಂಎ ಕನೆಕ್ಟರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಜೊತೆಗೊಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಇರಲಿ. ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿದರೆ ಲ್ಯಾಪ್‌ಟಾಪ್‌ನ ವಿದ್ಯುತ್ ಗದ್ದಲವನ್ನೇ ಸಿಗ್ನಲ್ ಅಂದುಕೊಂಡು ಕೂರುತ್ತೀರಿ.