ಅಂಗಡಿಯಲ್ಲಿ ಬಂದ ಫೋಕಸ್ ಆಕಾಶದಲ್ಲಿ ಬರಲಿಲ್ಲ: ಟೆಲಿಸ್ಕೋಪ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಗಂಗಾವತಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಕುಬುಸ, ಜಾವಳ, ಪಾಸ್‌ಪೋರ್ಟ್ ಫೋಟೋ, ಇದರಲ್ಲೇ ಹದಿನಾಲ್ಕು ವರ್ಷ ಕಳೆದಿವೆ. ಕ್ಯಾಮೆರಾ ಇಷ್ಟು ರೂಢಿಯಾದ ಮೇಲೆ ಆಕಾಶದ ಫೋಟೋ ಏನು ಮಹಾ ಅಂದುಕೊಂಡು 68 ಸಾವಿರ ರೂಪಾಯಿ ಕೊಟ್ಟು ಟೆಲಿಸ್ಕೋಪ್ ತಂದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದುಡ್ಡು ನೀರಿಗೆ ಬಿತ್ತು. ಇಡೀ ಒಂದು ಚಳಿಗಾಲವೂ ಹೋಯಿತು. ಈಗ ಕೊಪ್ಪಳ, ಸಿಂಧನೂರು, ಸಿರುಗುಪ್ಪ ಕಡೆಯ ಹುಡುಗರು ಅಂಗಡಿಗೆ ಬಂದು "ಅಣ್ಣಾ, ಯಾವ್ದು ತಗೊಳ್ಳೋಣು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾರಿದವರ ಹೆಸರನ್ನೂ ಊರನ್ನೂ ಬರೆಯುವುದಿಲ್ಲ. ಇಂಥ ಮಾತು ಹೇಳಿ ಮಾರುವವರು ಅವರೊಬ್ಬರೇ ಅಲ್ಲ.

ನಾನು ಕೊಂಡದ್ದು ನ್ಯೂಟೋನಿಯನ್ ಟೆಲಿಸ್ಕೋಪ್, ಅಂದರೆ ಕೊಳವೆಯ ತಳದ ದೊಡ್ಡ ಕನ್ನಡಿ ಬೆಳಕನ್ನು ಕೂಡಿಸಿ, ಮೇಲಿನ ಚಿಕ್ಕ ಕನ್ನಡಿ ಅದನ್ನು ಪಕ್ಕಕ್ಕೆ ತಿರುಗಿಸುವಂಥದ್ದು. 150 ಮಿ.ಮೀ. ಕನ್ನಡಿ, 750 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ), 750ನ್ನು 150ರಿಂದ ಭಾಗಿಸಿದರೆ ಎಫ್/5. ಜೊತೆಗೆ ಒಂದು ಇಕ್ವಟೋರಿಯಲ್ ಮೌಂಟ್, ಅಂದರೆ ಆಕಾಶ ತಿರುಗಿದಂತೆ ಟೆಲಿಸ್ಕೋಪನ್ನೂ ತಿರುಗಿಸುವ ಸ್ಟ್ಯಾಂಡ್. ಅನುಮಾನ ಬೇಡ ಅಂತ ನನ್ನ ಕ್ಯಾನನ್ 200ಡಿ ಕ್ಯಾಮೆರಾವನ್ನೂ ಅಂಗಡಿಗೆ ಒಯ್ದಿದ್ದೆ. "ಇದಕ್ಕೆ ಇದು ಕೂಡುತ್ತೇನ್ರಿ?" ಅಂದೆ. "ಟಿ-ರಿಂಗ್ ಹಾಕಿದ್ರೆ ಆಯ್ತು ಸರ್, ಬನ್ನಿ ತೋರಿಸ್ತೀನಿ" ಅಂತ, ಕ್ಯಾಮೆರಾವನ್ನು ಟೆಲಿಸ್ಕೋಪ್‌ಗೆ ಕೂಡಿಸುವ ಆ ಬಳೆ ಹಾಕಿ, ಬಾಗಿಲ ಬಳಿ ನಿಲ್ಲಿಸಿ ರಸ್ತೆಯಾಚೆಗಿನ ಔಷಧ ಅಂಗಡಿಯ ಬೋರ್ಡಿಗೆ ಹಿಡಿದರು. ಕ್ಯಾಮೆರಾದ ಪರದೆಯಲ್ಲಿ ಅಕ್ಷರಗಳು ತಲೆಕೆಳಗಾಗಿ, ಆದರೆ ಗೀಟು ಕೊರೆದಂತೆ ಸ್ಪಷ್ಟವಾಗಿ ಬಂದವು. ಕೆಳಗಿನ ಸಣ್ಣ ಫೋನ್ ನಂಬರು ಕೂಡ ಓದಲು ಬರುತ್ತಿತ್ತು. ಕಣ್ಣಾರೆ ನೋಡಿದ ಮೇಲೆ ಇನ್ನೇನು ಅಂತ ದುಡ್ಡು ಎಣಿಸಿ ಕೊಟ್ಟೆ. ಪಕ್ಕಾ ಬಿಲ್ ಕೇಳಲಿಲ್ಲ. ಬಿಲ್ ಬೇಡ ಅಂದರೆ ಎರಡು ಸಾವಿರ ಕಡಿಮೆ ಮಾಡುತ್ತೇವೆ ಅಂದಿದ್ದರು.

ಮನೆಗೆ ಬಂದ ರಾತ್ರಿ ಮಾಳಿಗೆ ಮೇಲೆ ಚಂದ್ರನಿಗೆ ಹಿಡಿದೆ. ಐಪೀಸ್‌ನಲ್ಲಿ ಕಣ್ಣಿಟ್ಟು ನೋಡಿದರೆ ಕುಳಿ, ಗುಡ್ಡ ಎಲ್ಲಾ ಎಣಿಸುವಷ್ಟು ಚೆಂದ. ಮನೆಮಂದಿಯೆಲ್ಲ ಸರದಿ ಹಚ್ಚಿ ನೋಡಿದರು. ಐಪೀಸ್ ತೆಗೆದು ಕ್ಯಾಮೆರಾ ಹಾಕಿದೆ. ಬೆಣ್ಣೆ ಸವರಿದ ತಟ್ಟೆಯ ಹಾಗೆ ಮಬ್ಬು. ಫೋಕಸರ್, ಅಂದರೆ ಐಪೀಸ್ ಕೂಡುವ, ಒಳಗೆ ಹೊರಗೆ ಸರಿಯುವ ಕೊಳವೆ, ಅದನ್ನು ಒಳಗೆ ತಿರುಗಿಸಿದಂತೆಲ್ಲ ಸ್ವಲ್ಪ ಸ್ವಲ್ಪ ಚೂಪಾಗುತ್ತಾ ಬಂತು, ಅಷ್ಟರಲ್ಲಿ ಟಕ್ ಅಂತ ನಿಂತಿತು. ಇನ್ನು ಒಳಗೆ ಹೋಗಲು ಜಾಗವೇ ಇಲ್ಲ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಅದೇ ಗುಂಡಿಯನ್ನು ತಿರುಗಿಸುತ್ತಾ ಕೂತಿದ್ದೆ. ಏನೋ ಸ್ಕ್ರೂ ಬಿಗಿಯಾಗಿರಬೇಕು, ನನ್ನದೇ ಏನೋ ತಪ್ಪಿರಬೇಕು ಅಂದುಕೊಂಡು.

ಕಾರಣ ತಿಳಿಯಲು ಮೂರು ವಾರ ಬೇಕಾಯಿತು. ಕಣ್ಣಿನಿಂದ ನೋಡುವುದಕ್ಕೆಂದೇ ಮಾಡಿದ ನ್ಯೂಟೋನಿಯನ್‌ನಲ್ಲಿ ಬೆಳಕು ಕೂಡುವ ಜಾಗ ಫೋಕಸರ್ ಬಾಯಿಯ ಹತ್ತಿರವೇ ಇರುತ್ತದೆ. ಐಪೀಸ್‌ಗೆ ಅದು ಸಾಕು. ಕ್ಯಾಮೆರಾದಲ್ಲಾದರೆ ಸೆನ್ಸರ್ ಒಳಗೆ ಹುದುಗಿ ಕೂತಿರುತ್ತದೆ. ಕ್ಯಾನನ್ ಡಿಎಸ್ಎಲ್ಆರ್‌ನಲ್ಲಿ ಲೆನ್ಸ್ ಕೂಡಿಸುವ ಬಳೆಯಿಂದ ಸೆನ್ಸರ್‌ಗೆ 44 ಮಿ.ಮೀ., ಟಿ-ರಿಂಗ್ ಸೇರಿದರೆ 55 ಮಿ.ಮೀ. ಬೆಳಕು ಅಲ್ಲಿಗೆ ಮುಟ್ಟುವ ಮೊದಲೇ ಕೂಡಿ ಚದುರಿಹೋಗಿರುತ್ತದೆ. ಫೋಟೋಗೆಂದೇ ಮಾಡುವ ನ್ಯೂಟೋನಿಯನ್‌ಗಳಲ್ಲಿ ದೊಡ್ಡ ಕನ್ನಡಿಯನ್ನು ಮುಂದಕ್ಕೆ ತಂದು, ಚಿಕ್ಕ ಕನ್ನಡಿಯನ್ನು ಸ್ವಲ್ಪ ದೊಡ್ಡದು ಹಾಕಿ ಇದನ್ನು ಸರಿಮಾಡಿರುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಕೊಳವೆ.

ಹಾಗಾದರೆ ಅಂಗಡಿಯಲ್ಲಿ ಬೋರ್ಡು ಹೇಗೆ ಕಂಡಿತು? ಎಚ್ಚರ ಇರಬೇಕಾದ್ದು ಇಲ್ಲೇ. ಹತ್ತಿರದ ವಸ್ತುವಿನ ಬೆಳಕು ದೂರದ್ದಕ್ಕಿಂತ ಹಿಂದೆ ಹೋಗಿ ಕೂಡುತ್ತದೆ. 750 ಮಿ.ಮೀ. ಟೆಲಿಸ್ಕೋಪ್‌ನಲ್ಲಿ 20 ಮೀಟರ್ ದೂರದ ಬೋರ್ಡಿನ ಫೋಕಸ್, ನಕ್ಷತ್ರದ ಫೋಕಸ್‌ಗಿಂತ ಸುಮಾರು 29 ಮಿ.ಮೀ. ಹೊರಗೆ ಬೀಳುತ್ತದೆ. ನನಗೆ ಕಡಿಮೆ ಬಿದ್ದ ಜಾಗ ಅದಕ್ಕಿಂತ ತುಸು ಕಡಿಮೆ. ಹಾಗಾಗಿ ಬೋರ್ಡು ಸಿಕ್ಕಿತು, ಚಂದ್ರ ಸಿಗಲಿಲ್ಲ. ಒಂದು ಕಿಲೋಮೀಟರ್ ದೂರದ ಗುಡ್ಡಕ್ಕೆ ಹಿಡಿದಿದ್ದರೆ ಈ ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್ ಚಿಲ್ಲರೆ, ನಿಜ ಅಲ್ಲೇ ಬಯಲಾಗುತ್ತಿತ್ತು. ಅದಕ್ಕೇ ಕೈಮುಗಿದು ಹೇಳುತ್ತೇನೆ, ರಸ್ತೆಯಾಚೆಯ ಬೋರ್ಡು, ಎದುರುಮನೆಯ ಟ್ಯಾಂಕು ತೋರಿಸಿದರೆ ಒಪ್ಪಬೇಡಿ. ಚಂದ್ರ ಇರುವ ಸಂಜೆ ಹೋಗಿ, ನಿಮ್ಮದೇ ಕ್ಯಾಮೆರಾ ಹಾಕಿಸಿ, ಫೋಕಸ್ ಬಂದಾಗ ಫೋಕಸರ್ ಇನ್ನೂ ಎಷ್ಟು ಒಳಗೆ ಹೋಗುತ್ತದೆ ಅಂತ ನೋಡಿ. ಅಂಗಡಿ ದೂರದ ಊರಲ್ಲಿದ್ದರೆ "ಈ ಕ್ಯಾಮೆರಾದಲ್ಲಿ ಬಾರ್ಲೋ ಇಲ್ಲದೆ ನಕ್ಷತ್ರಕ್ಕೆ ಫೋಕಸ್ ಬರುತ್ತದೆ, ಬಾರದಿದ್ದರೆ ವಾಪಸ್" ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾರ್ಲೋ ಅಂದರೆ ಕ್ಯಾಮೆರಾದ ಮುಂದೆ ಹಾಕುವ, ಚಿತ್ರವನ್ನು ಹಿಗ್ಗಿಸಿ ಫೋಕಸನ್ನು ಹೊರಗೆ ತಳ್ಳುವ ಲೆನ್ಸ್. ನಾನು ಫೋನ್ ಮಾಡಿದಾಗ "ಪೆಟ್ಟಿಗೆ ಒಡೆದ ಮೇಲೆ ವಾಪಸ್ ಇಲ್ಲ ಸರ್, ಬಾರ್ಲೋ ಲೆನ್ಸ್ ತಗೊಳ್ಳಿ" ಅಂದರು. ಕೈಯಲ್ಲಿ ಬಿಲ್ ಇಲ್ಲ, ಏನು ಮಾತಾಡುವುದು?

ಬಾರ್ಲೋ ತರಿಸಿದೆ. ಫೋಕಸ್ ಬಂತು. ಆದರೆ ಎರಡು ಪಟ್ಟಿನ ಬಾರ್ಲೋ ಹಾಕಿದರೆ ಎಫ್/5 ಹೋಗಿ ಎಫ್/10 ಆಗುತ್ತದೆ, ಅಷ್ಟೇ ಬೆಳಕಿಗೆ ನಾಲ್ಕು ಪಟ್ಟು ಹೊತ್ತು ಶಟರ್ ತೆರೆದಿಡಬೇಕು. ಚೌಕಟ್ಟು ಎಷ್ಟು ಕಿರಿದಾಗುತ್ತದೆಂದರೆ ಒರಾಯನ್ ನೀಹಾರಿಕೆಯೂ (ಒರಾಯನ್ ನಕ್ಷತ್ರಪುಂಜದಲ್ಲಿರುವ ಹೊಳೆಯುವ ಅನಿಲ, ಧೂಳಿನ ಮೋಡ) ಪೂರ್ತಿ ಹಿಡಿಯುವುದಿಲ್ಲ. ಮಂದ ವಸ್ತುಗಳಿಗೆ ಅದು ದಾರಿಯಲ್ಲ.

ಅಷ್ಟರಲ್ಲಿ ಮೌಂಟ್‌ನ ಬಣ್ಣವೂ ಬಯಲಾಯಿತು. ಅದು 5 ಕೆ.ಜಿ. ಹೊರುತ್ತದೆ ಅಂತ ಕಾಗದದಲ್ಲಿತ್ತು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಕೊಳವೆ, ರಿಂಗು, ಕ್ಯಾಮೆರಾ ಸೇರಿ 6 ಕೆ.ಜಿ. ಬಂತು. ಆ 5 ಕೆ.ಜಿ. ಅನ್ನುವುದೂ ಕಣ್ಣಿನಿಂದ ನೋಡಲು. ಫೋಟೋಗೆ ಅದರ ಅರ್ಧದ ಆಸುಪಾಸಿನಲ್ಲಿ ಇದ್ದರೇನೇ ನೆಮ್ಮದಿ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ (ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಅಂದರೆ ಒಂದು ಆರ್ಕ್‌ಸೆಕೆಂಡ್). ನನ್ನ ಕ್ಯಾಮೆರಾದ ಪಿಕ್ಸೆಲ್ 3.72 ಮೈಕ್ರಾನ್. ಅದನ್ನು 206 ರಿಂದ ಗುಣಿಸಿ 750 ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 1 ಆರ್ಕ್‌ಸೆಕೆಂಡ್. ಅಂದರೆ ಮೌಂಟ್ ಒಂದೇ ಒಂದು ಸೆಕೆಂಡಿನ ಚಲನೆಯಷ್ಟು ತಪ್ಪಿದರೂ ನಕ್ಷತ್ರ 15 ಪಿಕ್ಸೆಲ್ ಎಳೆದುಕೊಂಡು ಹೋಗುತ್ತದೆ. ಅದೇ ಕ್ಯಾಮೆರಾಕ್ಕೆ 135 ಮಿ.ಮೀ. ಲೆನ್ಸ್ ಹಾಕಿದರೆ ಒಂದು ಪಿಕ್ಸೆಲ್‌ಗೆ ಐದೂವರೆಗಿಂತ ಹೆಚ್ಚು ಆರ್ಕ್‌ಸೆಕೆಂಡ್, ಅಷ್ಟು ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ದುಡ್ಡಿನ ದೊಡ್ಡ ಪಾಲು ಮೌಂಟ್‌ಗೆ ಹೋಗಲಿ, ಕೊಳವೆ ಚಿಕ್ಕದಿರಲಿ. ಇದನ್ನು ಯಾವ ಮಾರುವವನೂ ಮೊದಲು ಹೇಳುವುದಿಲ್ಲ.

ನಮ್ಮ ಕಡೆಯವರಿಗೇ ಇರುವ ಇನ್ನೊಂದು ತೊಡಕು ಇದೆ. ಮೌಂಟ್‌ನ ಅಚ್ಚನ್ನು ಧ್ರುವ ನಕ್ಷತ್ರದ ಕಡೆ ಹಿಡಿಯಬೇಕು, ಅದರ ಎತ್ತರ ನಾವಿರುವ ಅಕ್ಷಾಂಶದಷ್ಟೇ. ಗಂಗಾವತಿಯಲ್ಲಿ ಅದು 15 ಡಿಗ್ರಿ ಚಿಲ್ಲರೆ. ವಿಡಿಯೋಗಳಲ್ಲಿ ತೋರಿಸುವವರು 50 ಡಿಗ್ರಿಯ ದೇಶದವರು, ಅವರಿಗೆ ಧ್ರುವ ನಕ್ಷತ್ರ ತಲೆಯೆತ್ತಿ ನೋಡುವಷ್ಟು ಮೇಲಿರುತ್ತದೆ. ನನಗೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ, ಅಕ್ಕಿ ಗಿರಣಿಯ ಹೊಗೆಯೊಳಗೆ. ನನ್ನ ಮೌಂಟ್ 15 ಡಿಗ್ರಿಗೆ ಇಳಿಸಿದರೆ ತೂಕದ ಗುಂಡು ಟ್ರೈಪಾಡ್ ಕಾಲಿಗೆ ತಗಲಿ ನಿಲ್ಲುತ್ತಿತ್ತು. ಕೊಳ್ಳುವಾಗ ಅಂಗಡಿಯಲ್ಲೇ 15 ಡಿಗ್ರಿಗೆ ಇಳಿಸಿ, ಒಂದು ಸುತ್ತು ತಿರುಗಿಸಿ ತೋರಿಸಿ ಅನ್ನಿ.

ಈಗ ಎಲ್ಲಕ್ಕಿಂತ ಹೊಟ್ಟೆ ಉರಿಸಿದ ಸಂಗತಿ. ಫೋಕಸ್ ಸಮಸ್ಯೆಗೆ ಒಂದು ಉಪಾಯವಿದೆ: ಕೆಳಗಿನ ಕನ್ನಡಿಯನ್ನು ಅದರ ಬಟ್ಟಲ ಸಮೇತ ಮೇಲಕ್ಕೆ ಸರಿಸಿ, ಕೊಳವೆಗೆ ಹೊಸ ತೂತು ಕೊರೆದು ಕೂಡಿಸುವುದು. ನಮ್ಮೂರ ಲೇತ್ ಅಂಗಡಿಯ ಮಾವ ಟ್ರ್ಯಾಕ್ಟರ್ ಕೆಲಸ ಬದಿಗಿಟ್ಟು 30 ಮಿ.ಮೀ. ಮೇಲಕ್ಕೆ ಅಳತೆ ಮಾಡಿ ಅಚ್ಚುಕಟ್ಟಾಗಿ ಕೊರೆದುಕೊಟ್ಟರು. ಈಗ ಕ್ಯಾಮೆರಾಕ್ಕೆ ಫೋಕಸ್ ಬರುತ್ತದೆ, ಐಪೀಸ್‌ಗೆ ಮಾತ್ರ ಒಂದು ಎಕ್ಸ್‌ಟೆನ್ಶನ್ ಕೊಳವೆ ಬೇಕು. ಆ ಕೆಲಸಕ್ಕೆಂದು ಕನ್ನಡಿ ಹೊರತೆಗೆದು ಬಿಸಿಲಿಗೆ ಹಿಡಿದಾಗ ಅದರ ಮೇಲೆಲ್ಲ ಕಪ್ಪು ಪುಡಿ. ಗಂಗಾವತಿಯವರಿಗೆ ಅದೇನೆಂದು ಹೇಳಬೇಕಿಲ್ಲ. ಗಿರಣಿಯ ಬಾಯ್ಲರಿನಲ್ಲಿ ಉರಿದ ಭತ್ತದ ಹೊಟ್ಟಿನ ಬೂದಿ. ಒಣಹಾಕಿದ ಬಟ್ಟೆ ಮೇಲೆ ಬೀಳುವ ಅದೇ ಬೂದಿ ಮುಚ್ಚಳ ತೆಗೆದಿಟ್ಟ ಕೊಳವೆಯೊಳಗೂ ಬಿದ್ದಿತ್ತು. ನಾನು ಅಂಗಡಿಯ ಹುಡುಗನಂತೆ ಬಾಯಿಂದ ಹಾ ಅಂತ ಉಸಿರು ಬಿಟ್ಟು, ಲೆನ್ಸ್ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ಗುಂಡಗೆ ಒರೆಸಿದೆ.

ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಮರಳಿನ ಜಾತಿ. ಕ್ಯಾಮೆರಾ ಲೆನ್ಸಿನಲ್ಲಿ ನಾವು ಒರೆಸುವುದು ಗಟ್ಟಿ ಲೇಪವಿರುವ ಗಾಜನ್ನು. ಇಲ್ಲಿ ಬೆಳಕು ಬೀಳುವುದು ಗಾಜಿನ ಮೇಲ್ಮೈಗೆ ಬಳಿದ, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಂ ಪದರದ ಮೇಲೆ. ಬಟ್ಟೆ ಎತ್ತಿದಾಗ ಬಳೆಬಳೆಯಾಗಿ ಗೀರುಗಳು ಹೊಳೆದವು. ಇವತ್ತಿಗೂ ಬ್ಯಾಟರಿ ಬೆಳಕು ಬಿಟ್ಟರೆ ಎದ್ದು ಕಾಣುತ್ತವೆ. ಕನ್ನಡಿಯ ಧೂಳನ್ನು ಆದಷ್ಟು ಇದ್ದಲ್ಲೇ ಬಿಡಿ, ತುಸು ಧೂಳಿನಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ತೀರಾ ಕೊಳೆಯಾದರೆ ಗಾಳಿ ಊದುವ ಬಲ್ಬಿನಿಂದ ಊದಿ, ಹರಿಯುವ ನೀರಿಗೆ ಹಿಡಿದು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ನೆನೆಸಿ, ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ನಿಲ್ಲಿಸಿ ಒಣಗಿಸಿ. ನಮ್ಮ ಬೋರ್‌ವೆಲ್ ನೀರು ಹಾಗೇ ಒಣಗಿದರೆ ಸುಣ್ಣದ ಕಲೆ ಉಳಿಯುತ್ತದೆ. ಒಣಬಟ್ಟೆ ಮುಟ್ಟಿಸಲೇಬೇಡಿ.

ಇಷ್ಟೆಲ್ಲ ಆಗಿ ಫೆಬ್ರುವರಿಯಲ್ಲಿ ಕನಕಗಿರಿ ಹತ್ತಿರ ಗೆಳೆಯನ ಹೊಲಕ್ಕೆ ಹೋದೆವು. ಎಡದಂಡೆ ಕಾಲುವೆಯ ಗದ್ದೆ ಬಯಲಿನಲ್ಲಿ ರಾತ್ರಿ ಇಬ್ಬನಿ ಬಂದು ಕನ್ನಡಿ ಮಂಜಾಗುತ್ತದೆ, ಅಲ್ಲಿ ಒಣಭೂಮಿ, ಕತ್ತಲೆಯೂ ಚೆಂದ. 20 ಸೆಕೆಂಡಿನ 120 ಫ್ರೇಮ್ ಒರಾಯನ್ ನೀಹಾರಿಕೆಯನ್ನು ಹಿಡಿದೆ. 1,300ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ ಬೆಳಕು, ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಬಂದಾಗ ನಾವಿಬ್ಬರೂ ಮಾತಾಡಲಿಲ್ಲ. ಮರುದಿನ ಕಾರಟಗಿಯಲ್ಲಿ ಮದುವೆ ಇತ್ತು, ಕಾರ್ಡ್ ಖಾಲಿ ಬೇಕಿತ್ತು. ಬೆಳಗಿನ ಜಾವ ಕೂತು, ಮದುವೆ ಫೋಟೋ ಆರಿಸುವ ಹಾಗೆ ಚೆನ್ನಾಗಿರುವ ಆರು ಫ್ರೇಮ್ ಉಳಿಸಿಕೊಂಡು 114 ಅಳಿಸಿಹಾಕಿದೆ.

ಆ 114ನ್ನು ನೆನೆದರೆ ಈಗಲೂ ನಿದ್ದೆ ಹಾರುತ್ತದೆ. ಈ ಕೆಲಸದಲ್ಲಿ ಒಂದು ಒಳ್ಳೆಯ ಫ್ರೇಮ್ ಅನ್ನುವುದಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದಾಗ ನೀಹಾರಿಕೆ ಉಳಿಯುತ್ತದೆ, ಕಾಳುಕಾಳಾದ ನಾಯ್ಸ್ ಇಳಿಯುತ್ತದೆ. ಅದು ಇಳಿಯುವುದು ಫ್ರೇಮ್‌ಗಳ ವರ್ಗಮೂಲದ ಲೆಕ್ಕದಲ್ಲಿ: 120 ಇದ್ದರೆ ಸುಮಾರು 11 ಪಟ್ಟು, ಆರೇ ಇದ್ದರೆ ಎರಡೂವರೆ ಪಟ್ಟೂ ಇಲ್ಲ. ನಕ್ಷತ್ರ ಎಳೆದುಹೋದದ್ದು, ಮೋಡ ಬಂದದ್ದು ಬಿಟ್ಟು ಮಿಕ್ಕಿದ್ದೆಲ್ಲ ಬೇಕು. ರಾ ಫೈಲ್‌ಗಳನ್ನು, ಮುಚ್ಚಳ ಹಾಕಿ ತೆಗೆದ ಡಾರ್ಕ್, ಬಿಳಿ ಬಟ್ಟೆ ಕಟ್ಟಿ ತೆಗೆದ ಫ್ಲ್ಯಾಟ್ (ಕ್ಯಾಮೆರಾ, ಟೆಲಿಸ್ಕೋಪಿನ ದೋಷ ಕಳೆಯಲು ಇವು ಬೇಕು) ಸಮೇತ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಡಿ. ಕೂಡಿಸಲು ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಪುಕ್ಕಟೆ ಸಿಗುತ್ತವೆ, ಕಳ್ಳ ಸಾಫ್ಟ್‌ವೇರ್ ಬೇಕಾಗಿಲ್ಲ.

ಉಳಿದ ಆರು ಫ್ರೇಮ್‌ಗಳನ್ನು ನನಗೆ ಗೊತ್ತಿದ್ದ ರೀತಿಯಲ್ಲೇ ತಿದ್ದಿದೆ. ಮದುಮಗಳ ಮುಖ ನುಣ್ಣಗೆ ಮಾಡುವಂತೆ ನಾಯ್ಸ್ ತೆಗೆದೆ, ಹಿನ್ನೆಲೆಯನ್ನು ಕಪ್ಪಗೆ ಮಾಡಿದೆ, ಎಐ ಶಾರ್ಪನಿಂಗ್ ಹಾಕಿದೆ. ನೀಹಾರಿಕೆಯೊಳಗೆ ರೇಷ್ಮೆ ಎಳೆಗಳಂಥ ಗೆರೆಗಳು ಎದ್ದವು. 12 ಇಂಚಿಗೆ 18 ಇಂಚು ಪ್ರಿಂಟ್ ಹಾಕಿ ಸ್ಟುಡಿಯೋದಲ್ಲಿ ತೂಗುಹಾಕಿದೆ. ಬಂದವರೆಲ್ಲ ನಿಂತು ನೋಡಿದರು.

ಹತ್ತು ದಿನ ಬಿಟ್ಟು ಅದೇ ಹೊಲದಲ್ಲಿ ಮತ್ತೆ ಹಿಡಿದು, ಅದೇ ರೀತಿ ತಿದ್ದಿ, ಎರಡನ್ನೂ ಅಕ್ಕಪಕ್ಕ ಇಟ್ಟೆ. ನಕ್ಷತ್ರಗಳು ಕೂಡಿದವು. ಆ ರೇಷ್ಮೆ ಎಳೆಗಳು ಮಾತ್ರ ಒಂದರಲ್ಲಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರಲಿಲ್ಲ. ಹತ್ತು ದಿನದಲ್ಲಿ ನೀಹಾರಿಕೆ ಹಾಗೆ ಬದಲಾಗುವುದಿಲ್ಲ. ನಾಯ್ಸ್ ಇದ್ದಲ್ಲಿ ಸಾಫ್ಟ್‌ವೇರ್ ತಾನೇ ಗೆರೆ ಎಳೆದಿತ್ತು, ನಾನು ಅದನ್ನು ಆಕಾಶ ಅಂತ ಜನರಿಗೆ ತೋರಿಸಿದ್ದೆ. ಅವತ್ತೇ ಪ್ರಿಂಟ್ ಇಳಿಸಿದೆ. ನಿಮ್ಮ ಚಿತ್ರದಲ್ಲಿ ಹೊಸ ಗೆರೆ ಕಂಡರೆ ಇನ್ನೊಂದು ರಾತ್ರಿಯ ಫ್ರೇಮ್‌ಗಳನ್ನು ಬೇರೆಯಾಗಿ ಕೂಡಿಸಿ ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ನಂಬಿ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ, ನೀಹಾರಿಕೆಯ ಮಂದ ಅಂಚುಗಳು ಆ ಬೂದು ಬಣ್ಣದಲ್ಲೇ ಇರುತ್ತವೆ.

ಈಗ ಆಕಾಶದ ಜೊತೆ ಕ್ಯಾಮೆರಾವನ್ನು ತಿರುಗಿಸುವ ಒಂದು ಚಿಕ್ಕ ಟ್ರ್ಯಾಕರ್ ಮೇಲೆ ಸ್ಟುಡಿಯೋದ 135 ಮಿ.ಮೀ. ಲೆನ್ಸ್‌ನಲ್ಲೇ ಹಿಡಿಯುತ್ತಿದ್ದೇನೆ. ದೇವಯಾನಿ ಗ್ಯಾಲಕ್ಸಿ ಮೂರು ಡಿಗ್ರಿ ಅಗಲ, 750ರಲ್ಲಿ ಹಿಡಿಯುತ್ತಿರಲಿಲ್ಲ, ಇದರಲ್ಲಿ ಸುತ್ತ ಜಾಗ ಬಿಟ್ಟು ಕೂರುತ್ತದೆ. ಗೀರು ಬಿದ್ದ ಟೆಲಿಸ್ಕೋಪ್ ಸ್ಟುಡಿಯೋದ ಮೂಲೆಯಲ್ಲಿದೆ, ಕಣ್ಣಿನಿಂದ ನೋಡಲು ಇನ್ನೂ ಚೆನ್ನಾಗಿದೆ. ಈ ಕಡೆ ಯಾರಾದರೂ ನ್ಯೂಟೋನಿಯನ್ ಕೊಳ್ಳುವವರಿದ್ದರೆ ಮೊದಲು ನಿಮ್ಮ ಕ್ಯಾಮೆರಾ ತೆಗೆದುಕೊಂಡು ಬನ್ನಿ. ಕನ್ನಡಿಯನ್ನು ಹಳೆಯ ತೂತಿಗೇ ಇಳಿಸಿ ಕೂಡಿಸಿ, ಚಂದ್ರನಿಗೆ ಹಿಡಿದು, ಫೋಕಸರ್ ಎಲ್ಲಿ ಟಕ್ ಅಂತ ನಿಲ್ಲುತ್ತದೆ ಅಂತ ನಿಮ್ಮ ಕೈಯಿಂದಲೇ ತಿರುಗಿಸಿ ತೋರಿಸುತ್ತೇನೆ.