ಕನ್ಸೋಲ್‌ಗೆ ಇಂಟರ್ನೆಟ್ ಕೊಡಲು ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳುವ ಮುನ್ನ

ರೂಟರ್ ದೂರದ ಕೋಣೆಯಲ್ಲಿದ್ದು ಕನ್ಸೋಲ್‌ಗೆ (ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ನಂಥ ಆಟದ ಯಂತ್ರಕ್ಕೆ) ವೈಫೈ ಸರಿಯಾಗಿ ಸಿಗದಿದ್ದರೆ, ಲ್ಯಾಪ್‌ಟಾಪ್‌ನಿಂದ ಕೇಬಲ್ ಜೋಡಿಸಿ ಇಂಟರ್ನೆಟ್ ಕೊಡುವುದು ಹಳೆಯ ಉಪಾಯ. ಉಪಾಯದಲ್ಲಿ ದೋಷವಿಲ್ಲ. ಆದರೆ ಅದಕ್ಕೆಂದು ‘ಒಂದೇ ಕ್ಲಿಕ್ಕಿನಲ್ಲಿ ಸಂಪರ್ಕ ಹಂಚಿ’ ಎನ್ನುವ ಪುಕ್ಕಟೆ ತಂತ್ರಾಂಶಗಳ ಸಹವಾಸ ಬೇಡ. ಅಂಥದ್ದೊಂದು ನನ್ನ ಲ್ಯಾಪ್‌ಟಾಪ್‌ನಲ್ಲಿ ಎಬ್ಬಿಸಿದ ಅವಾಂತರ ಕೇಳಿ.

ಮೊದಲ ಸಂಜೆ ಆಟ ಸುಗಮವಾಗಿಯೇ ನಡೆಯಿತು. ಮರುದಿನ ಬ್ರೌಸರ್ ತೆರೆದರೆ ಮುಖಪುಟವೇ ಬೇರೆ. ಏನು ಹುಡುಕಿದರೂ ಜಾಹೀರಾತು. ತಂತ್ರಾಂಶವನ್ನು ಕಿತ್ತುಹಾಕಿದೆ. ಅದರ ಬೆನ್ನಿಗೇ ಇಂಟರ್ನೆಟ್ಟೂ ಹೋಯಿತು! ವೈಫೈ ಗುರುತು ಪೂರ್ತಿ ತುಂಬಿದೆ, ಮೊಬೈಲಿನಲ್ಲಿ ಎಲ್ಲವೂ ತೆರೆಯುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಒಂದು ಪುಟವೂ ಬರುವುದಿಲ್ಲ. ಕಡೆಗೆ ಕಾರಣ ಸಿಕ್ಕಿದ್ದು ಸೆಟ್ಟಿಂಗ್ಸ್‌ನ ಪ್ರಾಕ್ಸಿ (ಬ್ರೌಸರ್‌ಗೂ ಇಂಟರ್ನೆಟ್ಟಿಗೂ ನಡುವಿನ ಮಧ್ಯವರ್ತಿ) ವಿಭಾಗದಲ್ಲಿ: ವಿಳಾಸ 127.0.0.1, ಪೋರ್ಟ್ 8080, ಗುಂಡಿ ಆನ್. 127.0.0.1 ಎಂದರೆ ಅದೇ ಕಂಪ್ಯೂಟರ್. ಬ್ರೌಸರ್ ಕಳಿಸಿದ್ದೆಲ್ಲ ಆ ತಂತ್ರಾಂಶದ ಕೈ ದಾಟಿಯೇ ಹೊರಗೆ ಹೋಗುತ್ತಿತ್ತು. ಅದು ತೊಲಗಿದ ಮೇಲೂ ಬ್ರೌಸರ್ ಯಾರೂ ಇಲ್ಲದ ಮನೆಯ ಬಾಗಿಲು ತಟ್ಟುತ್ತಲೇ ಇತ್ತು. ಪ್ರಾಕ್ಸಿ ಆಫ್ ಮಾಡಿ, ಮುಖ್ಯವಾದ ಪಾಸ್‌ವರ್ಡ್‌ಗಳನ್ನೆಲ್ಲ ಮೊಬೈಲಿನಿಂದ ಬದಲಿಸಿದ್ದಾಯಿತು.

ಸಿಟ್ಟು ಬರುವುದು ಇದಕ್ಕೆ: ಹೀಗೆ ಸಂಪರ್ಕ ಹಂಚುವ ಸೌಲಭ್ಯ 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್‌ನಿಂದಲೂ ವಿಂಡೋಸ್‌ನಲ್ಲೇ ಇದೆ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ವೈಫೈ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಶೇರಿಂಗ್‌ನಲ್ಲಿ ಮೊದಲ ಚೌಕಕ್ಕೆ ಗುರುತು ಹಾಕಿ. ಯಾವ ಸಂಪರ್ಕಕ್ಕೆ ಎಂದು ಕೇಳಿದರೆ ಈಥರ್ನೆಟ್ ಆಯ್ದುಕೊಳ್ಳಿ. ಕನ್ಸೋಲ್‌ನಲ್ಲಿ ಐಪಿ ವಿಳಾಸ ಆಟೋಮ್ಯಾಟಿಕ್ ಆಗಿಯೇ ಇರಲಿ. 192.168.137 ಎಂದು ಶುರುವಾಗುವ ವಿಳಾಸ ಬಂದರೆ ಹಂಚಿಕೆ ನಡೆದಿದೆ, 169.254 ಬಂದರೆ ಇಲ್ಲ.

ಇದರಲ್ಲೂ ಒಂದು ತೊಡಕಿದೆ. ರೂಟರ್ ಒಮ್ಮೆ, ಕಂಪ್ಯೂಟರ್ ಇನ್ನೊಮ್ಮೆ ವಿಳಾಸ ಬದಲಿಸುವುದರಿಂದ (ಈ ಬದಲಾವಣೆಗೇ ‘ನ್ಯಾಟ್’ ಎನ್ನುವುದು) ಎಕ್ಸ್‌ಬಾಕ್ಸ್ ‘ಡಬಲ್ ನ್ಯಾಟ್’ ಎಂದು ದೂರಬಹುದು, ಪ್ಲೇಸ್ಟೇಷನ್ ‘ನ್ಯಾಟ್ ಟೈಪ್ 3’, ಅಂದರೆ ತೀರಾ ಬಿಗಿಯಾದ ಸಂಪರ್ಕ ಎಂದು ತೋರಿಸಬಹುದು. ಆಗ ಆಟಗಳು ಡೌನ್‌ಲೋಡ್ ಆದರೂ ಜೊತೆಗಾರರ ದನಿ ಕೇಳಿಸದೆ ಹೋಗಬಹುದು. ‘ಫೈರ್‌ವಾಲ್ ಆಫ್ ಮಾಡಿ’ ಎಂದು ಯಾರಾದರೂ ಬುದ್ಧಿ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ: ಎರಡು ಸಲ ವಿಳಾಸ ಬದಲಾಗುವುದು ಅದರಿಂದ ನಿಲ್ಲುವುದಿಲ್ಲ, ಕಂಪ್ಯೂಟರಿನ ಕಾವಲು ಮಾತ್ರ ಹೋಗುತ್ತದೆ.

ನಾನಂತೂ ಈಗ ರೂಟರ್‌ನಿಂದಲೇ ಕನ್ಸೋಲ್‌ಗೆ ಉದ್ದನೆಯ ಕೇಬಲ್ ಎಳೆದುಬಿಟ್ಟಿದ್ದೇನೆ. ನೋಡಲು ಚೆಂದವಿಲ್ಲ, ನಿಜ. ಆದರೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದಾಗಲೆಲ್ಲ ಆಟ ಕಡಿದುಹೋಗುವ ಕಾಟವೂ ತಪ್ಪಿತು. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತದೆ; ದೂರದ ಕೋಣೆ ಎಂದರೂ ಅಷ್ಟು ದೂರ ಇರಲಾರದು.